ಅಂಗಳದಲ್ಲಿ ಬಿಚ್ಚಿದ ಟಯರು

ಟ್ಯೂಬಿನ ಪಿನ್ ತೆಗೆದಾಗ ಹೊರಗೆ ನುಗ್ಗುವ ಗಾಳಿಗೆ ಒಂದು ವಾಸನೆ ಇದೆ. ರಬ್ಬರಿನದು ಎನ್ನಬಹುದು, ಆದರೆ ಬರೀ ರಬ್ಬರಿನದಲ್ಲ. ತಿಂಗಳುಗಟ್ಟಲೆ ಕತ್ತಲಲ್ಲಿ ಕೂಡಿಹಾಕಿದ ಗಾಳಿ ಅದು, ಸ್ವಲ್ಪ ಹುಳಿ, ಸ್ವಲ್ಪ ತಂಪು. ಮೊನ್ನೆ ಅದಿಯಮಾನ್‌ಕೋಟೆ ದಾಟಿ ಪಂಕ್ಚರ್ ಅಂಗಡಿಯೊಂದರ ಮುಂದೆ ಕಾರು ನಿಲ್ಲಿಸಿ ಕೂತಿದ್ದೆ. ನನ್ನ ಕಾರಿನದು ಟ್ಯೂಬಿಲ್ಲದ ಟಯರು. ಪಕ್ಕದಲ್ಲಿ ಯಾರದೋ ಹಳೆಯ ವ್ಯಾನಿನ ಚಕ್ರ ಬಿದ್ದಿತ್ತು. ಅಂಗಡಿಯವನು ಅದರ ಪಿನ್ ತಿರುಗಿಸಿದ, ಬುಸ್ಸೆಂದು ಆ ವಾಸನೆ ಬಂತು, ನಾನು ಕುರ್ಚಿ ಬಿಟ್ಟು ಎದ್ದೆ. ಎದ್ದು ಹೋಗಿ ನನ್ನ ಚಕ್ರ ಬಿಚ್ಚುತ್ತಿದ್ದ ಇನ್ನೊಬ್ಬನ ಕೈಯನ್ನೇ ನೋಡುತ್ತ ನಿಂತೆ. ಅವನು ತಲೆಯೆತ್ತಿ, “ಎನ್ನಕ್ಕಾ, ನಂಬಿಕ್ಕೈ ಇಲ್ಲೆಯಾ?” ಎಂದು ತಮಿಳಿನಲ್ಲಿ ಕೇಳಿ ನಕ್ಕ. ಇಲ್ಲಪ್ಪ, ನಮ್ಮ ವಂಶದಲ್ಲೇ ನಂಬಿಕೆ ಇಲ್ಲ ಎಂದು ಹೇಳಬೇಕೆನಿಸಿತು. ಸುಮ್ಮನೆ ನಕ್ಕೆ, ಆದರೆ ಅಲ್ಲಿಂದ ಕದಲಲಿಲ್ಲ.

ನಮ್ಮ ಮನೆ ನಲ್ಲಂಪಳ್ಳಿಯ ಈಚೆಗೆ, ದೊಡ್ಡ ರಸ್ತೆಗೆ ಕೂಗಿದರೆ ಕೇಳುವಷ್ಟು ದೂರದಲ್ಲಿತ್ತು. ಹೆಂಚಿನ ಮನೆ, ಮುಂದೆ ಜಗಲಿ, ಅದರ ಮುಂದೆ ಸಗಣಿ ಸಾರಿಸಿದ ಅಂಗಳ. ಅಪ್ಪ, ಅಮ್ಮ, ಅಪ್ಪನ ತಮ್ಮನಾದ ನನ್ನ ಚಿಕ್ಕಪ್ಪ, ಅವರಿಬ್ಬರ ತಾಯಿಯಾದ ಅಜ್ಜಿ, ಮತ್ತೆ ನಾನು. ಅಣ್ಣತಮ್ಮಂದಿರು ಸೇರಿ ಒಂದು ಹಳೆಯ ಅಂಬಾಸಿಡರ್ ಇಟ್ಟುಕೊಂಡು ಮದುವೆಗೆ, ಆಸ್ಪತ್ರೆಗೆ ಬಾಡಿಗೆಗೆ ಓಡಿಸುತ್ತಿದ್ದರು. ಅಪ್ಪ ಯಾರನ್ನೂ ನಂಬುವ ಪೈಕಿ ಅಲ್ಲ. ಹಾಲಿನವಳು ಬಂದರೆ ಪಾತ್ರೆಯೊಳಗೆ ಬೆರಳದ್ದಿ ನೋಡುವುದು, ಬಸ್ಸಿನಲ್ಲಿ ಪಕ್ಕದವನು ತೂಕಡಿಸಿದರೆ ಜೇಬು ಹಿಡಿದುಕೊಳ್ಳುವುದು, ಅಮ್ಮನ ತವರಿನವರು ಸೇಲಂನಿಂದ ಸೀರೆ ತಂದುಕೊಟ್ಟರೆ ಇದ್ಯಾಕೆ ಕೊಟ್ಟರು ಎಂದು ಎರಡು ದಿನ ಯೋಚಿಸುವುದು. ಸ್ವಂತ ಮಗ್ಗದಲ್ಲಿ ನೇಯ್ದ ಸೀರೆಯನ್ನು ಮಗಳಿಗೆ ಕೊಡಲು ಕಾರಣ ಬೇಕೇ ಎಂದು ಅಮ್ಮ ಗೊಣಗುತ್ತಿದ್ದಳು. ಪಂಕ್ಚರ್ ಅಂಗಡಿಯವರ ಮೇಲಂತೂ ಅಪ್ಪನಿಗೆ ಹಗೆಯೇ ಇತ್ತು. ರಸ್ತೆಗೆ ಮೊಳೆ ಚೆಲ್ಲುವವರೂ ಅವರೇ, ಒಳ್ಳೆಯ ಟ್ಯೂಬು ತೆಗೆದಿಟ್ಟುಕೊಂಡು ಹಳೆಯದನ್ನು ತುರುಕುವವರೂ ಅವರೇ ಎಂದು ಅವನ ನಂಬಿಕೆ. ನಂಬಿಕೆ ಅಂತ ಅವನಿಗೆ ಇದ್ದದ್ದು ಅದೊಂದೇ. ಹಾಗಾಗಿ ನಮ್ಮ ಕಾರಿನ ಚಕ್ರ ಅಂಗಳ ದಾಟಿ ಯಾರ ಅಂಗಡಿಗೂ ಹೋದದ್ದಿಲ್ಲ.

ನಿಮ್ಮಲ್ಲಿ ಎಷ್ಟು ಜನ ಕೈಯಲ್ಲಿ ಟಯರು ಬಿಚ್ಚುವುದನ್ನು ನೋಡಿದ್ದೀರೋ ಗೊತ್ತಿಲ್ಲ. ಈಗ ಯಂತ್ರ ಒಂದು ಸುತ್ತು ತಿರುಗಿದರೆ ಮುಗಿಯಿತು. ಆಗ ಅದು ಒಂದು ಬೆಳಗಿನ ಕೆಲಸ. ಗಾಳಿ ಬಿಟ್ಟ ಚಕ್ರವನ್ನು ಕಾರಿನ ಬಂಪರ್ ಕೆಳಗೆ ಮಲಗಿಸಿ, ಟಯರಿನ ಅಂಚಿನ ಮೇಲೆ ಜಾಕಿ ನಿಲ್ಲಿಸಿ ಎತ್ತುತ್ತಿದ್ದರು. ಕಾರಿನ ಭಾರಕ್ಕೆ ಕಬ್ಬಿಣಕ್ಕೆ ಕಚ್ಚಿಕೊಂಡ ರಬ್ಬರು ದಪ್ಪೆಂದು ಬಿಡುತ್ತಿತ್ತು. ಆಮೇಲೆ ಅಂಚಿನ ಸುತ್ತ ಬಟ್ಟೆ ಸೋಪಿನ ನೀರು ಸವರಿ, ಲಿವರ್ ಎನ್ನುವ ಎರಡು ಕಬ್ಬಿಣದ ಮೀಟುಗೋಲು ತುರುಕಿ, ಸ್ವಲ್ಪ ಸ್ವಲ್ಪವೇ ಮೀಟಿ ಟಯರನ್ನು ಹೊರಗೆ ತರಬೇಕು. ಇದರಲ್ಲಿ ಒಂದು ಗುಟ್ಟಿದೆ. ಈ ಕಡೆ ಮೀಟುವಾಗ ಆ ಕಡೆ ಒಬ್ಬರು ಟಯರಿನ ಮೇಲೆ ಹತ್ತಿ ನಿಲ್ಲಬೇಕು. ಅವರ ಭಾರಕ್ಕೆ ಆ ಬದಿಯ ಅಂಚು ಚಕ್ರದ ನಡುವಿನ ತಗ್ಗಿಗೆ ಇಳಿದರೆ ಮಾತ್ರ ಈ ಬದಿ ಸಡಿಲವಾಗುತ್ತದೆ. ಅಪ್ಪ ಮೀಟುವವನು, ಚಿಕ್ಕಪ್ಪ ನಿಲ್ಲುವವನು. ಚಿಕ್ಕಪ್ಪ ಅಣ್ಣನ ಹೆಗಲ ಮೇಲೆ ಒಂದು ಕೈಯಿಟ್ಟು, ಲುಂಗಿ ಮೇಲೆ ಕಟ್ಟಿ, ತೊಟ್ಟಿಲಲ್ಲಿ ನಿಂತವನ ಹಾಗೆ ತೂಗುತ್ತ ಏನಾದರೂ ತಮಾಷೆ ಮಾಡುತ್ತಿದ್ದ. ಆ ಕೈಯೊಂದನ್ನು ಮಾತ್ರ ಅಪ್ಪ ಅನುಮಾನಿಸಿದ್ದನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ.

ಆ ವರ್ಷ ಹಿಂದಿನ ಎಡಗಡೆ ಚಕ್ರ ಮೇಲಿಂದ ಮೇಲೆ ಪಂಕ್ಚರ್ ಆಗತೊಡಗಿತು. ಅದೇ ಹೊತ್ತಿಗೆ ಶಂಕಗಿರಿಯ ಲಾರಿ ಮಾಲೀಕನೊಬ್ಬ ಚಿಕ್ಕಪ್ಪನನ್ನು ಡ್ರೈವರ್ ಕೆಲಸಕ್ಕೆ ಕರೆದಿದ್ದ. ಅಪ್ಪನ ತಲೆಯಲ್ಲಿ ಈ ಎರಡೂ ಗಂಟು ಬಿದ್ದವು. ಕಾರಿನ ಕಾಟಕ್ಕೆ ಬೇಸತ್ತು ಅಣ್ಣನೇ ಅದನ್ನು ಮಾರಲಿ, ಆಮೇಲೆ ತಾನು ಲಾರಿ ಹತ್ತಿ ಹೋಗಬಹುದು ಎಂದು ತಮ್ಮನೇ ಏನೋ ಮಾಡುತ್ತಿದ್ದಾನೆ ಎಂದು ಅವನು ಅಮ್ಮನ ಹತ್ತಿರ ಪಿಸುಗುಟ್ಟಿದ. ಅಮ್ಮ ಬಾಯಿ ಮೇಲೆ ಕೈಯಿಟ್ಟುಕೊಂಡಳು. ಅಂದಿನಿಂದ ಅಪ್ಪ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ತಮ್ಮನನ್ನು ಕಾಯತೊಡಗಿದ. ಚಿಕ್ಕಪ್ಪ ಕಾರು ಒರೆಸಿದರೂ ಅನುಮಾನ, ಒರೆಸದಿದ್ದರೂ ಅನುಮಾನ. ಕೊನೆಗೊಂದು ಬೆಳಿಗ್ಗೆ ಮತ್ತೆ ಅದೇ ಚಕ್ರ ಬಿಚ್ಚಿದರು. ಅಪ್ಪ ನೂಲಿನ ಚಿಂದಿಯನ್ನು ಟಯರಿನೊಳಗೆ ಸುತ್ತಲೂ ಎಳೆದ, ಚಿಂದಿ ಒಂದು ಕಡೆ ಸಿಕ್ಕಿಕೊಂಡಿತು. ಅಗಲ ತಲೆಯ ಗಿಡ್ಡ ಮೊಳೆ, ಚಪ್ಪಲಿಗೆ ಹೊಡೆಯುವಂಥದ್ದು. ಚಿಕ್ಕಪ್ಪನ ಚಪ್ಪಲಿಯಲ್ಲೂ ಅಂಥದ್ದೇ ಇದ್ದವು, ಊರಿನ ಅರ್ಧ ಜನರ ಚಪ್ಪಲಿಯಲ್ಲೂ ಇದ್ದವು. ಅಪ್ಪ ಅದನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡು, ಟ್ಯೂಬಿಗೆ ಅಂಟಿಸುವ ಸೊಲ್ಯೂಷನ್ ತಾ ಎಂದು ತಮ್ಮನನ್ನು ಅಂಗಡಿಗೆ ಕಳಿಸಿದ.

ಇಲ್ಲಿ ನಮ್ಮ ಮಾತಿನ ಬಗ್ಗೆ ಸ್ವಲ್ಪ ಹೇಳಬೇಕು. ಸುತ್ತಲೂ ತಮಿಳು ಇರುವುದರಿಂದ ಮೊಳೆಗೆ ನಾವು ಮನೆಯಲ್ಲೂ ಆಣಿ ಎಂದೇ ಅನ್ನುತ್ತಿದ್ದೆವು. ದೇವರ ಮೇಲೆ ಮಾಡುವುದು ಆಣೆ. ಮೊಳೆಯನ್ನೂ ಇಕ್ಕುತ್ತಾರೆ, ಆಣೆಯನ್ನೂ ಇಕ್ಕುತ್ತಾರೆ. ಅಜ್ಜಿಯ ತವರು ಮೆಟ್ಟೂರಿನ ಕಡೆ, ನಾವು ಐತೆ ಎಂದರೆ ಅವಳು ಐತಿ ಎನ್ನುವವಳು. ಹಲ್ಲು ಹೋದ ಮೇಲಂತೂ ಎಕಾರದಲ್ಲಿ ಮುಗಿಯುವ ಪದವೆಲ್ಲ ಅವಳ ಬಾಯಲ್ಲಿ ಇಕಾರದಲ್ಲೇ ಮುಗಿಯುತ್ತಿತ್ತು. ಅಪ್ಪ ಜಗಲಿಯ ಹತ್ತಿರ ಹೋಗಿ, ನೀನು ಇಡೀ ದಿನ ಇಲ್ಲೇ ಕೂತಿರುತ್ತೀಯಲ್ಲ, ಇವನು ಚಕ್ರದ ಹತ್ತಿರ ಏನು ಮಾಡುತ್ತಿದ್ದ ಎಂದು ಕೇಳಿದ. ಅಜ್ಜಿ ತಡವಿಲ್ಲದೆ ಹೇಳಿದಳು: “ಚಕ್ರುದ್ ಮ್ಯಾಲಿ ಆಣಿ ಇಕ್ದ ಕಣ್ಲಾ. ನಾನೇ ನೋಡಿವ್ನಿ.”

ಹುಟ್ಟಿದಾಗಿನಿಂದ ಕೇಳಿದ ದನಿ ಅದು. ಬೇರೆ ಯಾವ ದಿನವಾದರೂ ಅಪ್ಪನಿಗೆ ಅರ್ಥವಾಗುತ್ತಿತ್ತು. ಆ ದಿನ ಮುಷ್ಟಿಯಲ್ಲಿ ಮೊಳೆ ಚುಚ್ಚುತ್ತಿತ್ತು, ಅವನು ಎರಡನೆಯ ಪ್ರಶ್ನೆ ಕೇಳಲಿಲ್ಲ. ಚಿಕ್ಕಪ್ಪ ಸೊಲ್ಯೂಷನ್ ಹಿಡಿದು ಬಂದಾಗ ಅವನ ಬಟ್ಟೆಯ ಚೀಲ ಅಂಗಳದಲ್ಲಿತ್ತು. ಅಪ್ಪ ಕೂಗಾಡಲಿಲ್ಲ. ಅಂಗೈ ಬಿಚ್ಚಿ ಮೊಳೆ ತೋರಿಸಿ, “ನೀನು ಇಕ್ಕಿದ್ದನ್ನ ಅವ್ವನೇ ನೋಡವ್ಳೆ. ಓಗು,” ಎಂದ. ಚಿಕ್ಕಪ್ಪ ಅಣ್ಣನನ್ನು ಬಿಟ್ಟು ಜಗಲಿಯ ಕಡೆ ತಿರುಗಿದ. “ನೋಡ್ದಾ, ಅವ್ವಾ?” ಎಂದು ಕೇಳಿದ. ಮಂದಗಿವಿಯ ಅಜ್ಜಿಗೆ ನಡುವಿನ ಮಾತು ಕೇಳಿಸಿರಲಿಲ್ಲ, ಮಗನ ಪರವಾಗಿ ಸಾಕ್ಷಿ ಹೇಳುತ್ತಿದ್ದೇನೆಂದೇ ತಿಳಿದಿದ್ದಳು. ನಗುಮುಖದಿಂದ, ಹೌದು ಎಂದು ಗಟ್ಟಿಯಾಗಿ ತಲೆಯಾಡಿಸಿದಳು. ಚಿಕ್ಕಪ್ಪ ಚೀಲ ಎತ್ತಿಕೊಂಡು ಹೊರಟುಹೋದ.

ಮಧ್ಯಾಹ್ನ ಊಟಕ್ಕೆ ಕರೆದಾಗ ಅಜ್ಜಿ ಚಿಕ್ಕವನೆಲ್ಲಿ ಎಂದಳು. ಶಂಕಗಿರಿಗೆ ಹೋದ ಎಂದು ಅಮ್ಮ ಅಳುತ್ತ ಹೇಳಿದಳು. ಅಜ್ಜಿ ನಂಬಲೇ ಇಲ್ಲ. “ಅಣ್ಣನ್ನ ಬಿಟ್ಟು ಓಗಾಕಿಲ್ಲ ಅಂತ ಚಕ್ರ ಮುಟ್ಟಿ ಆಣಿ ಇಕ್ದೋನು, ಅದೆಂಗಿ ಓದಾನು?” ಎಂದು ಒಬ್ಬೊಬ್ಬರ ಮುಖ ನೋಡುತ್ತ ಕೇಳಿದಳು. ಮಗ ಲಾರಿ ಹತ್ತಿ ಹೋಗಿಬಿಡುತ್ತಾನೆಂದು ಅವಳು ಹಟ ಹಿಡಿದಿದ್ದಕ್ಕೆ ಹಿಂದಿನ ವಾರವಷ್ಟೇ ಅವನು ಕಾರಿನ ಚಕ್ರದ ಮೇಲೆ ಕೈಯಿಟ್ಟು ಮಾಡಿದ ಆಣೆ ಅದು. ನೇಯುವವರು ಮಗ್ಗ ಮುಟ್ಟುವ ಹಾಗೆ, ನಮ್ಮ ಮನೆಯಲ್ಲಿ ಚಕ್ರ ಮುಟ್ಟುತ್ತಿದ್ದರು. ಅಪ್ಪ ಎಲೆಯ ಮುಂದೆ ಕೂತವನು ಕೈ ತೊಳೆದ. ಆಮೇಲಾದರೂ ತಮ್ಮನನ್ನು ಕರೆತರಲು ಅಪ್ಪ ಬಸ್ಸು ಹತ್ತಬೇಕಿತ್ತಲ್ಲವೇ? ಇಲ್ಲ. ಚಿಕ್ಕ ಮಗನನ್ನು ಉಳಿಸಿಕೊಳ್ಳಲು ಅವ್ವ ಈಗ ಮಾತು ತಿರುಗಿಸುತ್ತಿದ್ದಾಳೋ ಎಂದು ಅವನಿಗೆ ಅದರ ಮೇಲೂ ಅನುಮಾನ. ನನಗೆ ಅಪ್ಪನ ಮೇಲೆ ಸಿಟ್ಟು ಬರುವುದು ಇಲ್ಲಿ, ಇವತ್ತಿಗೂ. ಅವನು ಹೊರಟದ್ದು ದೀಪಾವಳಿ ಕಳೆದು, ತಮ್ಮನಿಲ್ಲದೆ ಒಂದು ಟಯರೂ ಅಂಗಳದಲ್ಲಿ ಬಿಚ್ಚಲಾಗದೆ, ಅಮ್ಮ ನಿಂತರೂ ನಾನು ನಿಂತರೂ ಭಾರ ಸಾಲದೆ ಹೋದ ಮೇಲೆ.

ಶಂಕಗಿರಿಯಲ್ಲಿ ನಡೆದದ್ದನ್ನು ಅಪ್ಪ ವರ್ಷಗಟ್ಟಲೆ ಯಾರಿಗೂ ಹೇಳಲಿಲ್ಲ. ಅಜ್ಜಿ ತಲೆಯಾಡಿಸಿದ ಆ ಜಗಲಿಯಲ್ಲೇ ತೀರಿಕೊಂಡಳು. ರಸ್ತೆ ಅಗಲವಾದಾಗ ಜಗಲಿ, ಅಂಗಳ ಎಲ್ಲ ಅದರೊಳಗೆ ಹೋದವು. ಚಿಕ್ಕಪ್ಪ ಅಜ್ಜಿಯ ಮಣ್ಣಿಗೆ ಬಂದ, ಕೆಲಸ ಮುಗಿಸಿ ನೀರು ಕೂಡ ಕುಡಿಯದೆ ಹೋದ, ಕೆಲವು ವರ್ಷದ ನಂತರ ಅವನೂ ತೀರಿಕೊಂಡ. ಆಮೇಲೆ, ತನ್ನ ಕಾಯಿಲೆಯ ದಿನಗಳಲ್ಲಿ, ನಾನು ಕೇಳದೆಯೇ ಅಪ್ಪ ಹೇಳಿದ. ಶಂಕಗಿರಿಯ ಕೋಟೆ ಬೆಟ್ಟದ ಬುಡದಲ್ಲಿ ಸಾಲಾಗಿ ಲಾರಿಗಳು ನಿಂತಿದ್ದವಂತೆ, ತಮ್ಮ ಟೀ ಕೊಡಿಸಿದನಂತೆ. ಅಪ್ಪ ಆಣಿ, ಆಣೆಯ ಕಥೆಯನ್ನೆಲ್ಲ ಹೇಳಿ ಬಾ ಮನೆಗೆ ಹೋಗೋಣ ಎಂದಾಗ, ಚಿಕ್ಕಪ್ಪ ಒಂದೇ ಒಂದು ಮಾತು ಕೇಳಿದನಂತೆ: “ಅವ್ವನ ಮಾತು ತಪ್ಪಾಗಿ ಕೇಳಿಸ್ತು, ಸರಿ. ಆಣಿ ಇಕ್ಕಿಲ್ಲ ಅಂತ ನಾನೇ ಯೋಳಿದ್ರೆ ನಂಬ್ತಿದ್ದಾ, ಅಣ್ಣಾ?”

ಅಪ್ಪ ಟೀ ಲೋಟ ಕೆಳಗಿಟ್ಟು ಎದ್ದ. ತಮ್ಮ ಅವನನ್ನು ಬಸ್ಸಿಗೆ ಹತ್ತಿಸಿ, ಕಿಟಕಿಯ ಹತ್ತಿರ ಜಾಗ ಹಿಡಿದುಕೊಟ್ಟು ಹಿಂದಿರುಗಿದ. ನಂಬುತ್ತಿದ್ದೆ ಎಂದು ಒಂದು ಸುಳ್ಳಾದರೂ ಹೇಳಬಹುದಿತ್ತಲ್ಲಪ್ಪ ಎಂದೆ ನಾನು. ಅಪ್ಪ ಸೂರಿನ ಕಡೆ ಮುಖ ತಿರುಗಿಸಿದ. “ಬಾಯಿಗೆ ಬಂದಿತ್ತು ಕಣವ್ವ. ಅವನು ನಂಬಾಕಿಲ್ಲ ಅನ್ನುಸ್ತು,” ಎಂದ.

ಚಿಕ್ಕಪ್ಪ ನಂಬುತ್ತಿದ್ದ. ನನಗೆ ಗೊತ್ತು. ಆ ಮನೆಯಲ್ಲಿ ಕೇಳಿದ್ದನ್ನು ಕೇಳಿದ ಹಾಗೇ ನಂಬುತ್ತಿದ್ದವನು ಅವನೊಬ್ಬನೇ.