ಗೋಡೆಯ ಮುಖಕ್ಕೆ ಹಿಡಿದ ಬಿಳುಪು

ಹಳೆಯ ವಸ್ತುಸಂಗ್ರಹಾಲಯದಲ್ಲಿ ಇಪ್ಪತ್ತೆರಡು ವರ್ಷದಿಂದ ಗಾರೆ ಕೆಲಸ ಮಾಡುತ್ತಿದ್ದ ಆಕೆಯನ್ನು ಎಲ್ಲರೂ ಗಾರೆಯಕ್ಕ ಎಂದೇ ಕರೆಯುತ್ತಿದ್ದರು. ಬೆರಳ ಗೆಣ್ಣಿನಿಂದ ತಟ್ಟಿ, ಗೋಡೆ ಎಲ್ಲಿ ಟೊಳ್ಳು, ಎಲ್ಲಿ ಗಟ್ಟಿ ಎಂದು ಹೇಳಿಬಿಡುತ್ತಿದ್ದಳು. ಇವಳಿಗೆ ಗೋಡೆಯ ಮಾತು ಕೇಳಿಸುತ್ತದೆ, ನನ್ನ ಮಾತು ಮಾತ್ರ ಕೇಳಿಸುವುದಿಲ್ಲ ಎಂದು ಗಂಡ ನಗಾಡುತ್ತಿದ್ದ.

ದೊಡ್ಡ ಕೋಣೆಯಲ್ಲಿ ಹಳೆಯ ಚಿತ್ರ ಬರೆದಿದ್ದ ಗೋಡೆ ತೇವಕ್ಕೆ ಪುಡಿಪುಡಿಯಾಗಿ ಉದುರತೊಡಗಿದಾಗ ಪ್ರಯೋಗಾಲಯದ ಮೇಡಂ ಸೀಸೆಗಳನ್ನು ಹಿಡಿದು ಬಂದರು. ಅದೂ ಸುಣ್ಣವೇ. ಆದರೆ ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳ ನ್ಯಾನೋ ಸುಣ್ಣ, ಸ್ಪಿರಿಟ್ಟಿನಲ್ಲಿ ಬೆರೆಸಿದ್ದು. ಗೋಡೆಯೊಳಕ್ಕೆ ಇಳಿದು ಉದುರುವುದನ್ನು ಕಚ್ಚಿ ಹಿಡಿಯುತ್ತದೆ, ಗೋಡೆ ಉಸಿರಾಡಲೂ ಬಿಡುತ್ತದೆ ಎಂದರು. ದಿನಕ್ಕೆ ಒಂದೇ ಕೋಟು, ಅದೂ ತೆಳ್ಳಗೆ ಎಂದು ಒತ್ತಿ ಹೇಳಿ, ಬ್ರಷ್ಷನ್ನು ಆಕೆಯ ಕೈಗೆ ಕೊಟ್ಟು ಹೋದರು.

ಮೂರನೆಯ ದಿನ ಒಂದು ಕಡೆ ಇನ್ನೂ ಪುಡಿ ಉದುರಿದಂತೆ ಕಂಡು, ಗಾರೆಯಕ್ಕ ಅಲ್ಲಿಗೆ ಅದೇ ದಿನ ಎರಡನೆಯ ಕೋಟನ್ನೂ ಬಳಿದಳು. ಮರುದಿನ ಬೆಳಿಗ್ಗೆ ಬಾಗಿಲು ತೆರೆದವಳು ಹೊಸ್ತಿಲಲ್ಲೇ ನಿಂತುಬಿಟ್ಟಳು. ಚಿತ್ರದಲ್ಲಿ ದೋಣಿ ನಡೆಸುತ್ತಿದ್ದ ಹೆಣ್ಣಿನ ಮುಖಕ್ಕೆ ಬೆಳ್ಳನೆಯ ಪೊರೆ ಕವಿದಿತ್ತು. ಕಣ್ಣುಗಳೇ ಇರಲಿಲ್ಲ.

ಒರೆಸಲೆಂದು ಸೆರಗು ಎತ್ತಿದವಳು ಅಲ್ಲೇ ತಡೆದಳು. ಒರೆಸಿದರೆ ಬಣ್ಣವೇ ಕಿತ್ತುಬಂದರೆ? ಎಲ್ಲವೂ ತೇವದ್ದೇ ಕಿತಾಪತಿ ಎಂದುಬಿಟ್ಟರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ಸುಳ್ಳು ಕೇಳಿ ಮೇಡಂ ತಪ್ಪು ಮದ್ದು ಹಚ್ಚಿದರೆ ಆ ಮುಖ ಶಾಶ್ವತವಾಗಿ ಹೋದಂತೆಯೇ. ಅವರಿಗೆ ಫೋನು ಮಾಡಿದಳು.

“ಮೇಡಂ, ಮುಖ ಬೆಳ್ಳಗಾಗಿಬಿಟ್ಟಿದೆ. ನಾನೇ ಎರಡು ಕೋಟು ಬಳಿದೆ.”

“ಯಾವಾಗ?”

“ನಿನ್ನೆ ಮಧ್ಯಾಹ್ನ.”

“ಮುಟ್ಟಬೇಡಿ. ಅದು ಗಟ್ಟಿಯಾಗೋದ್ರೊಳಗೆ ಬರ್ತೀನಿ.”

ಎರಡು ಗಂಟೆ ಆಕೆ ಅಲ್ಲಿಂದ ಕದಲಲಿಲ್ಲ. ಪೊರೆ ಕಣ್ಣೆದುರೇ ಕಲ್ಲಾಗುತ್ತಿದೆ ಅನ್ನಿಸುತ್ತಿತ್ತು. ಮೇಡಂ ಬಂದವರೇ ಬಾಗಿ ನೋಡಿ, ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯನ್ನು ಆಕೆಯತ್ತಲೇ ಚಾಚಿದರು. “ನನ್ನ ಕೈ ನಿಮ್ಮಷ್ಟು ಹಗುರ ಅಲ್ಲ. ಉಜ್ಜಬೇಡಿ, ಒತ್ತಿ ಎತ್ತಿ.”

ಆಕೆ ಹತ್ತಿಯನ್ನು ತೆಗೆದುಕೊಂಡಳು. ಉಸಿರು ಬಿಗಿಹಿಡಿದು ಒತ್ತಿದಳು, ಎತ್ತಿದಳು. ಹತ್ತಿಗೆ ಬಿಳುಪು ಹತ್ತಿತ್ತು. ಹದಿನಾರನೆಯ ಹತ್ತಿಗೆ ಚಿತ್ರದ ಕೆಂಪು ಬಣ್ಣವೂ ಚೂರು ಬಂತು. ಆಕೆ ಕೈ ಹಿಂದೆಳೆದುಕೊಂಡಳು. ಅಷ್ಟೊತ್ತಿಗೆ ಕಣ್ಣೆರಡೂ ಮೂಡಿದ್ದವು. ಗಲ್ಲದ ಮೇಲಿನ ಬಿಳಿಯನ್ನು ಹಾಗೇ ಬಿಡೋಣ ಎಂದರು ಮೇಡಂ. ನಡೆದದ್ದನ್ನು ಇದ್ದಂತೆ ವರದಿಯಲ್ಲಿ ಬರೆದು, ಉಳಿದ ಗೋಡೆಯನ್ನೂ ಆಕೆಗೇ ಒಪ್ಪಿಸಿದರು.

ಮುಂದಿನ ಮಳೆಗಾಲದಲ್ಲಿ ಗೋಡೆ ಉದುರಲಿಲ್ಲ. ನೋಡಲು ಬಂದವರಾರೂ ಗಲ್ಲದ ಕಲೆಯನ್ನು ಗಮನಿಸುವುದಿಲ್ಲ. ಗಾರೆಯಕ್ಕನಿಗೆ ಮಾತ್ರ ಆ ಕೋಣೆಯ ಬೀಗ ತೆರೆಯುವಾಗ ಇವತ್ತಿಗೂ ಅಂಗೈ ಬೆವರುತ್ತದೆ.