ಮಳೆಗೆ ಹೋಗದ ಅರಿಶಿನ

ನನ್ನ ಮಗನ ಜವಳ ತೆಗೆಸುವುದು ತಡವಾಗಿತ್ತು. ಬೆನ್ನಿಗಿಳಿದ ಕೂದಲು ನೋಡಿ ಚಳ್ಳಕೆರೆ ಬಸ್ಸಿನಲ್ಲಿ ಎಲ್ಲರೂ ಅವನನ್ನು ಹೆಣ್ಣುಮಗುವೆಂದೇ ಮುದ್ದಿಸುತ್ತಿದ್ದರು. ತಡಕ್ಕೆ ಕಾರಣ ನಮ್ಮ ಮನೆದೇವರು. ಅದಕ್ಕೆ ಗುಡಿಯಿಲ್ಲ, ಮೂರ್ತಿಯಿಲ್ಲ; ಮೊಳಕಾಲ್ಮೂರಿನ ದಾರಿಯ ಗುಡ್ಡವೊಂದರ ಮೇಲಿನ ಬಂಡೆ, ಅಷ್ಟೆ. ಮೊದಲ ಕೂದಲು ಅದರ ಬುಡದಲ್ಲೇ ಬೀಳಬೇಕು.

ಬಂಡೆಯ ಹತ್ತಿರ ಹೋಗುವುದು ಮನೆಯ ಹಿರಿಯ ಹೆಂಗಸು ಮಾತ್ರ. ಉಳಿದವರು ಕೆಳಗೇ ಕೈಮುಗಿದು ನಿಲ್ಲಬೇಕು. ಕೂದಲನ್ನೂ ಅವಳೇ ಮಡಿಲಲ್ಲಿ ಕಟ್ಟಿಕೊಂಡು ಹೋಗುತ್ತಾಳೆ. ಅವ್ವನ ಅತ್ತೆ, ಅಂದರೆ ನನ್ನ ಅಜ್ಜಿ, ಕಾಲು ಬೀಳುವವರೆಗೂ ವರ್ಷವರ್ಷವೂ ಹತ್ತಿ, ಅಂಗೈಯಿಂದ ಎಣ್ಣೆ ಅರಿಶಿನ ತಿಕ್ಕಿ ಬರುತ್ತಿದ್ದಳು. ಆಮೇಲೆ ಹಾಸಿಗೆ ಹಿಡಿದು ಎಷ್ಟೋ ವರ್ಷ ಮಲಗಿದಳು. ಯಾವ ಬಂಡೆ ಎಂದು ಅವ್ವ ಕೇಳಿದರೆ, "ಹತ್ರ ಹೋದ್ರೆ ಗೊತ್ತಾಗ್ತೈತೆ ಬಿಡು" ಅನ್ನುತ್ತಿದ್ದಳಂತೆ. ಹಾಗನ್ನುತ್ತಲೇ ತೀರಿಕೊಂಡಳು.

ಅವ್ವನಿಗೆ ಭಯ. "ನನ್ ಕೈಗೆ ಬಂದ್ಮ್ಯಾಲೆ ದೇವ್ರು ಕಳೀತು ಅಂತಾರೆ" ಎಂದು ಒಂದೇ ಸಮ ಗೊಣಗುತ್ತಿದ್ದಳು. ಕೊನೆಗೆ ಒಂದು ಬೆಳಗ್ಗೆ ಹೊರಟೆವು. ಬಂಡೆ ಗೊತ್ತಾದ ಮೇಲೆಯೇ ಕತ್ತರಿ ಎಂದು ಹೆಂಡತಿ, ಮಗ, ಕ್ಷೌರದವರು ಕೆಳಗೆ ಬೇವಿನ ನೆರಳಲ್ಲಿ ಕುಳಿತರು. ಅವ್ವನ ಮಂಡಿ ನೋವಿನ ದಯೆಯಿಂದ, ಕಾಯಿ ಹೊರಲು ನನಗೆ ಅಪ್ಪಣೆ ಸಿಕ್ಕಿತು.

ಮೇಲೆ ಹೋಗಿ ಉಸಿರು ತಿರುಗಿಸಿಕೊಳ್ಳುವ ಮೊದಲೇ ಅವ್ವ ಒಂದು ಬಂಡೆ ತೋರಿಸಿದಳು. "ನೋಡಲೇ, ಅರಿಶಿನ ಹಂಗೇ ಐತೆ."

ನಿಜಕ್ಕೂ ಇತ್ತು. ಕರಿಕಲ್ಲಿನ ಮೇಲೆ ಅಂಗೈಯಗಲದ ಹಳದಿ. ಇಷ್ಟು ವರ್ಷ ಮಳೆಗೆ ತೊಳೆದುಹೋಗಲಿಲ್ಲವೇ ಎಂದು ಬೇರೆ ಸೀಮೆಯವರಾದರೆ ಕೇಳುತ್ತಿದ್ದರು. ನಮ್ಮ ಕಡೆ ಬೀಳುವ ನಾಲ್ಕು ಹನಿ ಮಳೆಯನ್ನು ಬಲ್ಲ ನಮಗೆ ಆ ಅನುಮಾನ ಬರಲಿಲ್ಲ. ಅವ್ವ ಅಳುತ್ತಲೇ ಎಣ್ಣೆ ಸುರಿದಳು. ನಾನು ಭಕ್ತಿಯಿಂದ ಆ ಹಳದಿಯನ್ನು ಬೆರಳಲ್ಲಿ ತೆಗೆದು ಹಣೆಗಿಡಲು ಹೋದೆ. ಬರಲಿಲ್ಲ. ಉಗುರು ಹಾಕಿದೆ, ಉಗುರೇ ಸವೆಯಿತು. ತಲೆಯೆತ್ತಿದರೆ ಪಕ್ಕದ ಬಂಡೆಗೂ ಅರಿಶಿನ, ಅದರಾಚೆಯದಕ್ಕೂ ಅರಿಶಿನ. ಇಡೀ ಗುಡ್ಡ ಮದುವಣಗಿತ್ತಿಯ ಹಾಗೆ ನಿಂತಿತ್ತು.

"ಇದು ಕಲ್ಲಿಗೆ ಹತ್ತಿದ ಚಿಬ್ಬು ಕಣವ್ವ" ಎಂದೆ. ಬಿರಿಯಾನಿಗೆ ಹಾಕುವ ಕಲ್ಲುಹೂವಿನ ದಾಯಾದಿ ಅದು. ಪಾಚಿಯೂ ಬೂಷ್ಟೂ ಕೂಡಿ, ಮಣ್ಣು ನೀರು ಕೇಳದೆ ಬರೀ ಕಲ್ಲಿನ ಮೇಲೆ ಹೂಡಿದ ಸಂಸಾರ. "ಯಾವ್ದಾದ್ರೂ ಒಂದಕ್ಕೆ ಕಾಯಿ ಒಡಿ, ದೇವ್ರುಗಳು ಹಂಚ್ಕೊಂತಾವೆ."

ಅವ್ವ ನಗಲಿಲ್ಲ. ಎಣ್ಣೆಯ ಗಿಂಡಿ ಹಿಡಿದು ಅಲ್ಲೇ ಕುಸಿದು ಕುಳಿತಳು.

ಸ್ವಲ್ಪ ಹೊತ್ತಿನ ಮೇಲೆ ಎದ್ದು, ಬಂಡೆಯಿಂದ ಬಂಡೆಗೆ ಕೈಯಾಡಿಸುತ್ತಾ ನಡೆದಳು. ಒಂದರ ಮುಂದೆ ನಿಂತಳು. ಅದಕ್ಕೂ ಹಳದಿ ಹತ್ತಿತ್ತು, ಆದರೆ ನಡುವೆ ಒಂದು ಜಾಗ ಬೋಳು, ನುಣುಪು. ಅವ್ವ ಎದೆಯ ಮಟ್ಟಕ್ಕೆ ಅಂಗೈ ಚಾಚಿದಳು. ಬೋಳು ಅದಕ್ಕಿಂತ ಕೆಳಗಿತ್ತು. ಅಂಗೈ ಇಳಿಸಿದಳು. ಸರಿಯಾಗಿ ಕೂತಿತು.

"ಅತ್ತೆ ಕುಳ್ಳಿ ಅಲ್ವೇನಲೇ" ಎಂದಳು.

ನಾನು ಬಗ್ಗಿ ನೋಡಿದೆ. ಬೋಳಿನ ಅಂಚಿನಲ್ಲಿ ಸಾಸಿವೆಯಷ್ಟು ಸಣ್ಣ ಹಳದಿ ಚುಕ್ಕೆಗಳು ಒಳಗೆ ಕಾಲಿಟ್ಟಿದ್ದವು. ಅಜ್ಜಿ ಹತ್ತುವುದು ಬಿಟ್ಟ ಮೇಲೆ ಚಿಬ್ಬು ಗಳಿಸಿದ ನೆಲ ಅಷ್ಟೇ. ಹಾಗಾದರೆ ಸುತ್ತಲಿನ ಆ ಅಂಗೈಯಗಲದ ಹಳದಿಗಳಿಗೆ ವಯಸ್ಸೆಷ್ಟು? ನಮ್ಮ ವಂಶಕ್ಕೆ ಹೆಸರಿಡುವ ಮೊದಲೇ ಅವು ಇಲ್ಲಿದ್ದವೇನೋ. ಅವುಗಳನ್ನು ತಡೆದು ನಿಲ್ಲಿಸಿದ್ದು ವರ್ಷಕ್ಕೊಮ್ಮೆ ಬರುವ ಒಂದು ಹೆಂಗಸಿನ ಕೈ, ಅದಕ್ಕೂ ಮೊದಲು ಅವಳ ಅತ್ತೆಯ ಕೈ. ಗೊತ್ತಿಲ್ಲದೆಯೇ ಕೈಮುಗಿದಿದ್ದೆ, ದೇವರಿಗೋ ಆ ಹಳದಿಗೋ ಹೇಳಲಾರೆ.

ಅವ್ವ ಅರಿಶಿನ ಹಚ್ಚಲಿಲ್ಲ. ಕೆಳಗೆ ನೋಡಿ ನನ್ನ ಹೆಂಡತಿಯನ್ನು ಕೂಗಿದಳು.

"ನಾನು ಬರ್ಬೋದಾ ಅತ್ತೆ?" ಎಂದು ಅವಳು ಕೇಳಿದಳು.

"ಬಾರವ್ವ. ನಾನು ಇರೋವಾಗ್ಲೇ ಬಾ."

ಅವಳು ಹತ್ತಿ ಬಂದಳು. ಅವ್ವ ಅವಳ ಅಂಗೈಗೆ ಎಣ್ಣೆ ಅರಿಶಿನ ಹಾಕಿ, ಮಣಿಕಟ್ಟು ಹಿಡಿದು ಬೋಳಿನ ಮೇಲೆ ಒತ್ತಿದಳು.

"ಇಲ್ಲಿ" ಎಂದಳು. "ಕೈ ಬಿಟ್ರೆ ಮುಚ್ಕೊಂಡ್‌ಬಿಡ್ತೈತೆ."