ಆವನಿ ಬೆಟ್ಟದ ಆಡುದಾರಿ

ಮದುವೆಯಾಗಿ ನಾನು ಮುಳಬಾಗಿಲಿಗೆ ಬಂದಾಗ ಯುದ್ಧದ ಕಾಲ. ಅಕ್ಕಿಗೆ ಸೀಮೆಎಣ್ಣೆಗೆ ರೇಷನ್ನು, ಬಸ್ಸುಗಳಿಗೆ ಪೆಟ್ರೋಲಿಲ್ಲ. ಬಸ್ಸಿನ ಹಿಂದೆ ದೊಡ್ಡ ಒಲೆಯಂಥದ್ದನ್ನು ಕಟ್ಟಿ, ಇದ್ದಿಲು ಉರಿಸಿ, ಆ ಗ್ಯಾಸಿನಲ್ಲಿ ಓಡಿಸುತ್ತಿದ್ದರು. ಸ್ವಲ್ಪ ಏರು ಬಂದರೆ ಸಾಕು, ಬಸ್ಸು ಕೆಮ್ಮಿ ನಿಂತುಬಿಡುತ್ತಿತ್ತು. ಜನ ಇಳಿದು ತಳ್ಳಬೇಕು, ಇಲ್ಲವೇ ನಡೆಯಬೇಕು. ನನ್ನ ಗಂಡನಿಗೆ ಇದರಿಂದ ಬೇಸರವೇ ಆಗುತ್ತಿರಲಿಲ್ಲ. ಬಸ್ಸು ಸರಿಯಿದ್ದ ಕಾಲದಲ್ಲೂ ಅವರು ನಡೆದೇ ಹೋಗುತ್ತಿದ್ದವರು.

ಅವರು ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರು. ವಾರವೆಲ್ಲ ಮೇಜಿನ ಮುಂದೆ ತಲೆ ತಗ್ಗಿಸಿ ಕೂತು ಬರೆಯುವ ಮನುಷ್ಯ, ಭಾನುವಾರ ಬಂತೆಂದರೆ ಕೋಲು ಹಿಡಿದು ಹೊರಟುಬಿಡುತ್ತಿದ್ದರು. ಎಲ್ಲಿ ಹಳೆಯ ಊರಿದೆ, ಎಲ್ಲಿ ಗುಡಿಯ ಗೋಡೆಯ ಮೇಲೆ ಅಕ್ಷರವಿದೆ, ಯಾವ ಬೆಟ್ಟಕ್ಕೆ ಯಾವ ಕಡೆಯಿಂದ ಹತ್ತಬಹುದು, ಇದೇ ಅವರ ಹುಚ್ಚು. ಸಂಜೆ ಬಂದು ಊಟಕ್ಕೆ ಕೂತು ಕಂಡದ್ದನ್ನೆಲ್ಲ ಹೇಳುವರು. ಕೆಲವು ವಾರ ಕೇಳಿದೆ. ಆಮೇಲೆ ಒಂದು ಶನಿವಾರ ಸಾರು ಬಡಿಸುತ್ತ ಹೇಳಿದೆ:

"ನಾಳೆ ನಾನೂ ಬರ್ತೀನಿ."

ಅವರು ತಲೆಯೆತ್ತಿ ನೋಡಿದರು. ಮಾತಾಡಿದ್ದು ಅವರಲ್ಲ, ಒಳಗಿನಿಂದ ನಮ್ಮತ್ತೆ.

"ಏನಂದೆ? ಮನೆ ಸೊಸೆ ಬೆಟ್ಟ ಸುತ್ತೋಕೆ ಹೋಗ್ತಾಳಾ? ನಿಮ್ಮ ಶ್ರೀನಿವಾಸಪುರದ ಕಡೆ ಹಂಗೇನೋ. ನಮ್ಮಲ್ಲಿಲ್ಲ ಕಣೇ."

ಅತ್ತೆ ಮಾಲೂರಿನಿಂದಾಚೆಯ ಒಂದು ಹಳ್ಳಿಯವರು. ಬಾಯಲ್ಲಿ ಕನ್ನಡ ಬಿಟ್ಟರೆ ಬೇರೆ ಭಾಷೆಯಿಲ್ಲ. ನಾನು ಶ್ರೀನಿವಾಸಪುರದ ಕಡೆಯ ರೈತರ ಮನೆಯವಳು. ನಮ್ಮ ಊರಿನಲ್ಲಿ ಹಟ್ಟಿಯಲ್ಲಿ ಕನ್ನಡ, ಹೊಲದಲ್ಲಿ ತೆಲುಗು, ಜಗಳಕ್ಕೆ ಎರಡೂ. ನಾನು ಮಾತು ಮುಗಿಸುವಾಗ ಎಳೆಯುವ ರೀತಿಯನ್ನು ಅತ್ತೆ ನೆರೆಯವರ ಮುಂದೆ ಅಣಕಿಸಿ ತೋರಿಸುತ್ತಿದ್ದರು. ನನಗೆ ಕೋಪ ಬರುತ್ತಿರಲಿಲ್ಲ. ಅಣಕಿಸುವುದರಲ್ಲಿ ಅವರು ನಿಜಕ್ಕೂ ಗಟ್ಟಿಗರು, ನನಗೇ ನಗು ಬರುತ್ತಿತ್ತು.

"ಹಾಗಾದ್ರೆ ನೀವೂ ಬನ್ನಿ ಅತ್ತೆ. ನೀವು ಜೊತೇಲಿದ್ರೆ ಯಾರು ಏನಂತಾರೆ?" ಎಂದೆ.

ಬೆಳಗ್ಗೆ ನಾನು ಏಳುವ ಹೊತ್ತಿಗೆ ಅತ್ತೆ ರೊಟ್ಟಿ ತಟ್ಟಿ, ಹುಚ್ಚೆಳ್ಳು ಚಟ್ನಿ ಅರೆದು, ಬುತ್ತಿ ಕಟ್ಟಿ, ಹೆಗಲ ಮೇಲೆ ಕರೀ ಕಂಬಳಿ ಹಾಕಿಕೊಂಡು ಜಗಲಿಯ ಮೇಲೆ ಕೂತಿದ್ದರು.

ಆ ದಿನ ಹೋದದ್ದು ಕುರುಡುಮಲೆಗೆ. ರಾಗಿ ಹೊಲಗಳ ನಡುವಿನ ಬಂಡಿದಾರಿ. ದಾರಿಯಲ್ಲಿ ಸಿಕ್ಕವರೆಲ್ಲ ನಿಂತು ನಮ್ಮನ್ನು ನೋಡಿದರು. ಅತ್ತೆ ಯಾರು ಏನೂ ಕೇಳುವ ಮುಂಚೆಯೇ "ಗಣಪತಿ ದರ್ಶನಕ್ಕೆ ಹೋಗ್ತಿದೀವಿ" ಎಂದು ಜೋರಾಗಿ ಹೇಳುತ್ತ ಮುಂದೆ ನಡೆದರು. ಆ ಗಣಪತಿಯ ಮುಂದೆ ನಿಂತರೆ ಕತ್ತು ಹಿಂದಕ್ಕೆ ಬಾಗಿಸಿ ನೋಡಬೇಕು, ಅಷ್ಟು ದೊಡ್ಡದು, ಒಂದೇ ಕಲ್ಲು. ಅಲ್ಲಿಂದ ಸ್ವಲ್ಪ ದೂರದ ಶಿವನ ಗುಡಿಯಲ್ಲಿ ಒಂದು ಬದಿಯ ಕೆತ್ತನೆ ಸಾದಾ, ಇನ್ನೊಂದು ಬದಿಯದು ಬಲು ನಯ. ಅರ್ಧ ತಂದೆ ಕೆತ್ತಿದ್ದು, ಅರ್ಧ ಮಗ ಕೆತ್ತಿದ್ದು ಅಂತ ಊರಿನವರು ಹೇಳುತ್ತಾರೆ ಎಂದು ನಮ್ಮವರು ವಿವರಿಸಿದರು.

"ನಯವಾಗಿರೋದು ಯಾರ್ದು?" ಅಂದರು ಅತ್ತೆ.

"ಮಗಂದಂತೆ ಅಮ್ಮ."

"ಅವರಮ್ಮ ಸರಿಯಾಗಿ ಬೆಳೆಸಿದ್ಲು ಅನ್ನು" ಎಂದು ಹೇಳಿ ಕಂಬಕ್ಕೆ ಒರಗಿ ಎಲೆ ಅಡಿಕೆ ಬಾಯಿಗೆ ಹಾಕಿಕೊಂಡರು. ವಾಪಸು ಬರುವಾಗಲೂ ಅವರೇ ಮುಂದೆ. ನಮ್ಮವರು ನನ್ನ ಕಡೆ ತಿರುಗಿ ಮೆಲ್ಲಗೆ ಹೇಳಿದರು, "ಇಷ್ಟು ವರ್ಷ ಅಮ್ಮ ಮನೇಲಿ ಹೆಂಗೆ ಕೂತಿದ್ರು?"

ಆವನಿಗೆ ಹೋಗೋಣವೆಂದದ್ದು ಅತ್ತೆಯೇ. ಸಂಕ್ರಾಂತಿ ಕಳೆದಿತ್ತು, ಇನ್ನೂ ಚಳಿಯಿತ್ತು. ಆವನಿಯ ಬೆಟ್ಟದ ನೆತ್ತಿಯ ಮೇಲೆ ಸೀತಮ್ಮನ ಗುಡಿಯಿದೆ. ಲವ ಕುಶರು ಹುಟ್ಟಿದ್ದು ಅಲ್ಲೇ ಎಂದು ನಂಬಿಕೆ. ಮಕ್ಕಳಾಗದ ಹೆಂಗಸರು ಅಲ್ಲಿಗೆ ಹರಕೆ ಹೊತ್ತು ಹತ್ತುತ್ತಾರೆ. ನನಗಿನ್ನೂ ಮಕ್ಕಳಾಗಿರಲಿಲ್ಲ. ಅತ್ತೆ ಅದನ್ನು ಬಾಯಿಬಿಟ್ಟು ಹೇಳಲಿಲ್ಲ, ನಾನೂ ಕೇಳಲಿಲ್ಲ. ಅವರಿಗೆ ಹರಕೆ, ಗಂಡನಿಗೆ ಕೆಳಗಿನ ಹಳೆಯ ಗುಡಿಗಳು, ನನಗೆ ಬೆಟ್ಟ. ಮೂವರೂ ಒಂದೇ ದಾರಿಯಲ್ಲಿ ಹೊರಟೆವು.

ಅಂದು ಬಸ್ಸು ಅರ್ಧ ದಾರಿಯಲ್ಲೇ ಕೈಕೊಟ್ಟಿತು. ಉಳಿದದ್ದನ್ನು ನಡೆದೆವು. ಕೆಳಗಿನ ಗುಡಿಗಳನ್ನು ನೋಡಿಕೊಂಡು ಬೆಟ್ಟ ಹತ್ತಿದೆವು. ಬಂಡೆಯಲ್ಲೇ ಕೊರೆದ ಮೆಟ್ಟಿಲು, ಅಲ್ಲಲ್ಲಿ ದೊಡ್ಡ ಗುಂಡುಕಲ್ಲುಗಳ ಸಂದಿನಲ್ಲಿ ಬಗ್ಗಿ ನುಸುಳಬೇಕು. ಕೆಲವು ಕಡೆ ಕಲ್ಲು ನುಣ್ಣಗಾಗಿ ಕಾಲು ಜಾರುತ್ತಿತ್ತು. ನಾನು ಸೆರಗು ಬಿಗಿದು, ಅಂಗಾಲನ್ನು ಪೂರ್ತಿ ಊರಿ ಹತ್ತಿದೆ. ಹುಟ್ಟಿದ್ದೇ ಇಂಥ ಕಲ್ಲಿನ ನಡುವೆ, ನನಗೆ ಹೆದರಿಕೆಯೆಂಬುದು ಇರಲಿಲ್ಲ. ಮೇಲೆ ಪೂಜೆ ಮುಗಿಯಿತು. ಅತ್ತೆ ಕಣ್ಣು ಮುಚ್ಚಿ ಬಹಳ ಹೊತ್ತು ನಿಂತಿದ್ದರು. ನಾನು ಹೊರಗೆ ಬಂದು ಸುತ್ತ ನೋಡಿದೆ. ಕೆರೆಗಳು, ಹೊಲಗಳು, ಬಿಸಿಲಲ್ಲಿ ಮಲಗಿದ ಕಲ್ಲುಗುಡ್ಡಗಳು. ನಮ್ಮ ಸೀಮೆ ಇಷ್ಟು ದೊಡ್ಡದೆಂದು ನನಗೆ ತಿಳಿದದ್ದು ಅಂದೇ.

ಇಳಿಯುವಾಗ ನಮ್ಮವರಿಗೆ ಕಾಫಿ ಬೇಕಾಯಿತು. ಎಲ್ಲಿ ಹೋದರೂ ಕಾಫಿಪುಡಿ, ಬೆಲ್ಲ, ಒಂದು ಸಣ್ಣ ಪಾತ್ರೆ ಅವರ ಚೀಲದಲ್ಲಿರುತ್ತಿದ್ದವು. ಗಾಳಿ ಬೀಸದ ಜಾಗವೆಂದು ಒಂದು ಚಾಚಿದ ಬಂಡೆಯ ಕೆಳಗೆ ಮೂರು ಕಲ್ಲಿಟ್ಟು ಪುಳ್ಳೆ ಹೊತ್ತಿಸಿದರು. ಪುಳ್ಳೆ ಹಸಿ. ಹೊಗೆ ದಟ್ಟವಾಗಿ ಮೇಲೆದ್ದಿತು. ನಾನು ಹೊಗೆಯ ಜಾಡು ಹಿಡಿದು ಮೇಲೆ ನೋಡಿದೆ. ಬಂಡೆಯ ಹೊಟ್ಟೆಗೆ ಮೊರದಷ್ಟಗಲದ ಹೆಜ್ಜೇನಿನ ಹುಟ್ಟುಗಳು ಸಾಲಾಗಿ ನೇತಾಡುತ್ತಿದ್ದವು. ಕಪ್ಪಗೆ, ನಡುಗುತ್ತ.

"ಒಲೆ ಬಿಡಿ, ಓಡಬೇಡಿ" ಎನ್ನುವಷ್ಟರಲ್ಲಿ ಮಳೆ ಸುರಿದ ಹಾಗೆ ಸದ್ದು. ಅತ್ತೆಯನ್ನು ಹಿಡಿದು ನೆಲಕ್ಕೆ ಕೂರಿಸಿ, ಅವರ ಕಂಬಳಿಯನ್ನು ಇಬ್ಬರ ಮೇಲೂ ಎಳೆದು, ಅಂಚನ್ನು ಮಂಡಿಯ ಕೆಳಗೆ ಒತ್ತಿ ಹಿಡಿದೆ. ನಮ್ಮೂರಲ್ಲಿ ಜೇನು ಇಳಿಸುವವರು ಹೇಳುತ್ತಿದ್ದದ್ದು ಇದನ್ನೇ: ಕೈ ಬೀಸಬೇಡ, ಮುಚ್ಚಿಕೊಂಡು ಕದಲದೆ ಕೂರು. ನಮ್ಮವರಿಗೆ ಇದು ಗೊತ್ತಿರಲಿಲ್ಲ. ಟವಲು ಬೀಸುತ್ತ ಓಡಿದರು. ಅವರ ಕೂಗು ದೂರವಾಗುತ್ತ ಹೋಯಿತು.

ಕಂಬಳಿಯೊಳಗೆ ಕತ್ತಲು, ಬೆವರು, ಉಣ್ಣೆಯ ವಾಸನೆ. ಅತ್ತೆ ನನ್ನ ತೋಳನ್ನು ಬಿಗಿಯಾಗಿ ಹಿಡಿದಿದ್ದರು.

"ನನ್ನ ಮಗ ಕಣೇ..." ಅಂದರು.

"ಕೂಗು ಕೇಳ್ತಿದೆ ಅತ್ತೆ. ಕೂಗೋರು ಬದುಕಿರ್ತಾರೆ. ಅಲ್ಲಾಡ್ಬೇಡಿ."

ಝೇಂಕಾರ ತಗ್ಗಿದ ಮೇಲೆ ಇಬ್ಬರೂ ಕಂಬಳಿ ಹೊದ್ದುಕೊಂಡೇ ಎದ್ದು, ಮೆಲ್ಲಗೆ ಕೂಗು ಬಂದ ಕಡೆ ನಡೆದೆವು. ಎರಡು ಬಂಡೆಗಳ ಸಂದಿನಲ್ಲಿ ನಮ್ಮವರು ಮುಖ ಮುಚ್ಚಿಕೊಂಡು ಕೂತಿದ್ದರು. ಕಣ್ಣು ಮುಚ್ಚಿಹೋಗಿ, ತುಟಿ ಊದಿ, ಗುರುತೇ ಸಿಗದ ಹಾಗಾಗಿದ್ದರು. ನನ್ನ ಉಗುರಿನಿಂದ ಸಿಕ್ಕಷ್ಟು ಮುಳ್ಳುಗಳನ್ನು ಕೆರೆದು ತೆಗೆದೆ. ಅವರು ನಡುಗುತ್ತಿದ್ದರು. ವಾಂತಿಯಾಯಿತು. ಬೇಗ ಯಾವುದಾದರೂ ಮನೆ ಸೇರಬೇಕು. ಆದರೆ ಬಂದ ದಾರಿ ಅದೇ ಬಂಡೆಯ ಕೆಳಗೆ ಹಾದುಹೋಗುತ್ತಿತ್ತು. ಅಲ್ಲಿ ಜೇನುನೊಣಗಳಿನ್ನೂ ಸುತ್ತುತ್ತಿದ್ದವು.

ಅತ್ತೆ ನನ್ನ ಮುಖ ನೋಡಿದರು. ಆ ಮನೆಗೆ ಬಂದ ಮೇಲೆ ಮೊದಲ ಸಲ, ಏನು ಮಾಡಬೇಕು ಎಂದು ಅವರು ನನ್ನನ್ನು ಕೇಳುತ್ತಿದ್ದರು, ಬಾಯಿಂದಲ್ಲ, ಕಣ್ಣಿಂದ.

ಬೆಟ್ಟದ ಇನ್ನೊಂದು ಬದಿಯ ಇಳಿಜಾರಿನಲ್ಲಿ ಆಡಿನ ಹಿಕ್ಕೆ ಕಂಡಿತು. ಹಸಿಯದು. ಪೊದೆಗಳ ತುದಿಯನ್ನು ಆಡುಗಳು ಆಗಷ್ಟೇ ಮೇಯ್ದಿದ್ದವು. ಸಂಜೆಯಾದರೆ ಆಡು ಹಟ್ಟಿಗೆ ಹೋಗಲೇಬೇಕು, ಹಟ್ಟಿಯಿದ್ದರೆ ಜನ ಇರಲೇಬೇಕು. "ಈ ಕಡೆ ಇಳಿಯೋಣ" ಎಂದೆ. ದಾರಿಯೆಂದರೆ ಒಬ್ಬರು ನಡೆಯುವಷ್ಟು ಸವೆದ ಗೆರೆ, ಕೆಲವು ಕಡೆ ಅದೂ ಇಲ್ಲ. ನಾನು ಮುಂದೆ, ನನ್ನ ಹೆಗಲ ಮೇಲೆ ಕೈಯಿಟ್ಟು ನಮ್ಮವರು, ಹಿಂದಿನಿಂದ ಅವರ ಸೊಂಟದ ಪಂಚೆ ಹಿಡಿದು ಅತ್ತೆ. "ಎಡಗಾಲು, ಈಗ ಬಲಗಾಲು, ಇಲ್ಲಿ ಜಾರುತ್ತೆ, ಕೂತ್ಕೊಂಡು ಇಳೀರಿ" ಎಂದು ಹೇಳುತ್ತ ಇಳಿಸಿದೆ. ಒಂದು ಕಡೆ ಗೆರೆ ಎರಡಾಗಿ ಒಡೆದಿತ್ತು. ಬಗ್ಗಿ ಗೊರಸಿನ ಗುರುತು ಹೆಚ್ಚಿದ್ದ ಕಡೆ ಹಿಡಿದೆ. ತಪ್ಪಿರಬಹುದೆಂದು ಮನಸ್ಸಿಗೆ ಹೊಳೆಯಲೇ ಇಲ್ಲ.

ಬೆಟ್ಟದ ಬುಡದಲ್ಲಿ ಕೆಲವೇ ಗುಡಿಸಲುಗಳ ಒಂದು ಹಟ್ಟಿ. ನಮ್ಮನ್ನು ಕಂಡ ಮುದುಕಿಯೊಬ್ಬಳು ಒನಕೆ ಬಿಟ್ಟು ಓಡಿಬಂದು, ಯಾರು, ಏನಾಯಿತು ಎಂದು ತೆಲುಗಿನಲ್ಲಿ ಕೇಳಿದಳು.

"ಎವರಮ್ಮಾ ಮೀರು? ಏಮಾಯಿಂದಿ?"

ಅತ್ತೆ ಕನ್ನಡದಲ್ಲಿ ಏನೇನೋ ಹೇಳಿದರು. ಗಾಬರಿಯಲ್ಲಿ ಅವರ ಮಾತು ನನಗೇ ಅರ್ಥವಾಗಲಿಲ್ಲ. ನಾನು ತೆಲುಗಿನಲ್ಲಿ ಎಲ್ಲವನ್ನೂ ಹೇಳಿದೆ. ಮುಳಬಾಗಿಲಿನವರು, ಸೀತಮ್ಮನ ಗುಡಿಗೆ ಬಂದಿದ್ದೆವು, ಹೆಜ್ಜೇನು ಕಚ್ಚಿದೆ, ಇವರು ನನ್ನ ಗಂಡ. ಮುದುಕಿ ಕೇಳುತ್ತಲೇ ಚಾಪೆ ಹಾಸಿದಳು. ಉಳಿದ ಮುಳ್ಳುಗಳನ್ನು ಕಿತ್ತು, ಊದಿದ ಕಡೆಗೆಲ್ಲ ಸುಣ್ಣ ಹಚ್ಚಿದಳು. ಮಡಕೆಯಿಂದ ಮಜ್ಜಿಗೆ ಬಗ್ಗಿಸಿ ಕೊಟ್ಟಳು. "ಏಮೀ ಕಾದಮ್ಮಾ" ಎಂದು ಅತ್ತೆಯ ಬೆನ್ನು ಸವರಿದಳು.

"ಏನಂದ್ಲು?" ಅತ್ತೆ ಕೇಳಿದರು.

"ಏನೂ ಆಗಲ್ಲ ಅಂತಾರೆ."

ಆ ರಾತ್ರಿ ಜ್ವರ ಬಂತು, ಬೆಳಗಿನ ಹೊತ್ತಿಗೆ ಇಳಿಯಿತು. ಒಂದು ಕಣ್ಣು ತುಸು ಬಿಟ್ಟಿತು. ನಮ್ಮವರು ಆ ಕಣ್ಣಿನಿಂದ ಗುಡಿಸಲಿನ ಮುಂದಿನ ಒಗೆಯುವ ಕಲ್ಲನ್ನೇ ದಿಟ್ಟಿಸುತ್ತ, "ಅದರ ಮೇಲೆ ಅಕ್ಷರ ಇದೆ ನೋಡೇ" ಎಂದರು. ನಿಜಕ್ಕೂ ಇತ್ತು. ಸವೆದ ಹಳಗನ್ನಡದ ಎರಡು ಸಾಲು. ಅತ್ತೆ ತಲೆ ಚಚ್ಚಿಕೊಂಡರು. "ಸಾಯೋಕೆ ಬಿದ್ದಿದ್ದೋನು ಓದೋಕೆ ಕೂತಿದಾನಲ್ಲಪ್ಪ!" ಎಂದು ಬೈಯುತ್ತಲೇ ಅತ್ತರು, ನಕ್ಕರು. ಮುದುಕಿಗೆ ಏನೂ ಅರ್ಥವಾಗದಿದ್ದರೂ ಅವಳೂ ಜೊತೆಗೆ ನಕ್ಕಳು.

ಹಟ್ಟಿಯವರೇ ಎತ್ತಿನ ಗಾಡಿಗೆ ಹುಲ್ಲು ಹಾಸಿ ನಮ್ಮನ್ನು ಮುಳಬಾಗಿಲಿಗೆ ಕಳಿಸಿದರು. ದಾರಿಯಲ್ಲಿ, ನಮ್ಮವರು ನಿದ್ದೆ ಹೋದ ಮೇಲೆ, ಅತ್ತೆ ಕೇಳಿದರು.

"ಸೀತಮ್ಮನ ಹತ್ರ ಏನು ಕೇಳ್ಕೊಂಡೆ?"

"ಏನೂ ಇಲ್ಲ ಅತ್ತೆ. ಮೇಲೆ ಗಾಳಿ ಚೆನ್ನಾಗಿತ್ತು, ಸುಮ್ನೆ ನಿಂತಿದ್ದೆ."

ಬೈಯುತ್ತಾರೆಂದುಕೊಂಡೆ. ಅವರು ಗಾಡಿಯ ಗೂಟ ಹಿಡಿದು ರಸ್ತೆ ನೋಡುತ್ತಿದ್ದರು. "ನಾನು ಕೇಳಿದೀನಿ ಬಿಡು" ಎಂದರು. ಆಮೇಲೆ ನನ್ನ ಕಡೆ ತಿರುಗಿ ಕೇಳಿದರು, "ಆ ಮುದುಕಿ ಬರೋವಾಗ ನನ್ನ ಕೈ ಹಿಡ್ಕೊಂಡು ಏನೋ ಹೇಳಿದ್ಲಲ್ಲ, ಏನದು?"

"ಮತ್ತೆ ಬಾ ಅಕ್ಕಾ ಅಂದ್ಲು."

ನನ್ನ ಮಾತನ್ನು ಅಣಕಿಸುವುದನ್ನು ಅತ್ತೆ ಬಿಡಲಿಲ್ಲ. ಆದರೆ ಯಾರಾದರೂ ಹೊರಗಿನವರು ನಕ್ಕರೆ, "ಯಾಕೆ, ಚೆನ್ನಾಗೇ ಇದೆಯಲ್ಲ" ಎಂದು ಮುಖ ಗಂಟು ಹಾಕುತ್ತಿದ್ದರು.

ಆಮೇಲಿನ ವರ್ಷಗಳಲ್ಲಿ ನಾವು ಮೂವರೂ ನಡೆದದ್ದಕ್ಕೆ ಲೆಕ್ಕವಿಲ್ಲ. ನಮ್ಮವರಿಗೆ ಕೋಲಾರಕ್ಕೆ ವರ್ಗವಾದಾಗ ಊರಿನ ಮಗ್ಗುಲಲ್ಲೇ ಬೆಟ್ಟ ಸಿಕ್ಕಿತು. ಅಂತರಗಂಗೆಯ ಕೊಳದವರೆಗೆ ಎಲ್ಲರೂ ಹತ್ತುತ್ತಾರೆ. ಅಲ್ಲಿಂದ ಮೇಲಕ್ಕೆ ಹೋದರೆ ಬೆಟ್ಟದ ನೆತ್ತಿಯ ಮೇಲೆ ಸಮತಟ್ಟು ನೆಲ, ಹಳ್ಳಿಗಳು, ರಾಗಿ ಹೊಲ, ಬಾವಿ ಎಲ್ಲವೂ ಇವೆ ಎಂಬುದು ಕೆಳಗಿರುವ ಎಷ್ಟೋ ಮಂದಿಗೆ ಗೊತ್ತಿರಲಿಲ್ಲ. ಯುದ್ಧ ಮುಗಿದ ವರ್ಷ, ಒಂದು ಮುಂಜಾನೆ ಅಲ್ಲಿಗೆ ಹತ್ತಿದೆವು. ಮೇಲಿನ ಹಳ್ಳಿಯೊಂದರಲ್ಲಿ ಕಳೆ ಕೀಳುತ್ತಿದ್ದ ಹೆಂಗಸರು ಕೆಲಸ ನಿಲ್ಲಿಸಿ ನಮ್ಮನ್ನು ನೋಡಿದರು. ಯಾರು ಸತ್ತರು, ಯಾರ ಮನೆ ಹುಡುಕುತ್ತಿದ್ದೀರಿ ಎಂದು ವಿಚಾರಿಸಿದರು.

"ಯಾರ ಮನೇನೂ ಇಲ್ಲ ಕಣಮ್ಮ. ಊರು ನೋಡೋಕೆ ಬಂದ್ವಿ" ಎಂದರು ಅತ್ತೆ, ಏನೂ ಮುಚ್ಚಿಡದೆ. ಆಮೇಲೆ ಹೊಲದ ಬದುವಿನ ಮೇಲೆ ಕೂತು, ಕಾಲು ಚಾಚಿ, ಬೆಟ್ಟದಾಚೆಯ ಇನ್ನೊಂದು ಹಳ್ಳಿಗೆ ದಾರಿ ಯಾವ ಕಡೆ ಎಂದು ಅವರನ್ನೇ ಕೇಳತೊಡಗಿದರು.